ಸೂರ್ಯನನ್ನು ಹಿಡಿಯಲು ಹೋದವನ ಪಾಠಗಳು

ದಿಗಂತದ ಹತ್ತಿರ ಗಾಳಿ ಬೆಳಕನ್ನು ಬಾಗಿಸುತ್ತದೆ. ಹಾಗಾಗಿ ಬೆಳಗ್ಗೆ ಸೂರ್ಯ ಕಣ್ಣಿಗೆ ಬಿದ್ದಾಗ, ಲೆಕ್ಕದ ಪ್ರಕಾರ ಅವನಿನ್ನೂ ಕೆಳಗೇ ಇರುತ್ತಾನೆ. ಎಷ್ಟು ಬಾಗುತ್ತದೆ ಎಂಬುದು ಆವತ್ತಿನ ಹವೆಗೆ ಬಿಟ್ಟದ್ದು. ಪಂಚಾಂಗದ ಹೊತ್ತಿಗೂ ಕಣ್ಣಿಗೆ ಕಂಡ ಹೊತ್ತಿಗೂ ಎಷ್ಟು ವ್ಯತ್ಯಾಸ ಎಂದು ವಿಡಿಯೊ ಮಾಡಿ ನೋಡಲು ಕೋಲಾರ ಜಿಲ್ಲೆಯ ನಾಲ್ಕು ತಾಲ್ಲೂಕಿನ ಗೆಳೆಯರು ಹೊರಟೆವು. ವಿಡಿಯೊ ಹಾಳು ಮಾಡುವುದರಲ್ಲಿ ನನಗೇ ಹಿರಿತನ.

1. ಮೊದಲು ಗಡಿಯಾರ, ಆಮೇಲೆ ಕ್ಯಾಮೆರಾ

ನಮ್ಮ ಸೀಮೆಯಲ್ಲಿ ಬಿಂಬದ ಮೇಲಂಚು ಕಂಡು ಕೆಳಂಚು ದಿಗಂತ ಬಿಡಲು ಸುಮಾರು ಎರಡೂಕಾಲು ನಿಮಿಷ ಸಾಕು. ಮುಳಬಾಗಿಲಲ್ಲಿ ಮಾಲೂರಿಗಿಂತ ಎರಡು ನಿಮಿಷದಷ್ಟು ಮೊದಲೇ ಸೂರ್ಯ ಹುಟ್ಟಬೇಕು. ನನ್ನ ಹಳೇ ಕ್ಯಾಮೆರಾದ ಗಡಿಯಾರ ನಂಬಿದ್ದಕ್ಕೆ ಮಾಲೂರಲ್ಲೇ ಮೊದಲು ಹುಟ್ಟಿಬಿಟ್ಟಿದ್ದ! ಈಗ ಜಿಪಿಎಸ್ ಸಮಯ ತೋರಿಸುವ ಮೊಬೈಲನ್ನು ಶುರುವಿಗೊಮ್ಮೆ, ಕೊನೆಗೊಮ್ಮೆ ಲೆನ್ಸ್ ಮುಂದೆ ಹಿಡಿಯುತ್ತೇನೆ.

2. ಗುಡ್ಡ ದಿಗಂತವಲ್ಲ

ಕೋಲಾರದ ಪಡುವಣಕ್ಕೆ ಅಂತರಗಂಗೆ ಬೆಟ್ಟ. ಮನೆಯ ತಾರಸಿಯಿಂದ ನಾನು ಹಿಡಿದದ್ದೆಲ್ಲ ಸೂರ್ಯ ಬೆಟ್ಟದ ಹಿಂದೆ ಮರೆಯಾಗಿದ್ದು, ಮುಳುಗಿದ್ದಲ್ಲ. ಅಡ್ಡ ನಿಂತದ್ದು ಒಂದು ಡಿಗ್ರಿ ಎತ್ತರವಿದ್ದರೂ ನಾಲ್ಕು ನಿಮಿಷ ಹೋಯಿತು. ಸರಿ, ಬೆಟ್ಟವನ್ನೇ ಹತ್ತಿದೆ. ಅಷ್ಟು ಮೇಲಿಂದ ನೋಡಿದರೆ ದಿಗಂತವೇ ಕೆಳಗಿಳಿಯುತ್ತದೆ, ಸೂರ್ಯ ಲೆಕ್ಕಕ್ಕಿಂತ ತಡವಾಗಿ ಮುಳುಗುತ್ತಾನೆ. ನಿಂತ ಜಾಗದ ಎತ್ತರ ಬರೆದುಕೊಳ್ಳದ ಆ ಸಂಜೆಗಳ ವಿಡಿಯೊ ನೋಡಲು ಚೆನ್ನಾಗಿದೆ, ಅಷ್ಟೇ.

ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಸ್ಥಾನದ ಬಗ್ಗೆ ಜಯಂತ್ ವ್ಯಾಸನಕೆರೆ, ಕೆ. ಸುದೀಶ್, ಬಿ.ಎಸ್. ಶೈಲಜಾ 2008ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದದ್ದನ್ನು ಓದಿ ನಾಚಿಕೆಯಾಯಿತು. ಲಿಂಗದ ಮೇಲೆ ಬಿಸಿಲು ಬೀಳುವುದು ಸಂಕ್ರಾಂತಿಗಷ್ಟೇ ಅಲ್ಲ, ನವೆಂಬರ್ ಕೊನೆಗೂ ಬೀಳುತ್ತದೆ ಎಂದು ಅವರು ತೋರಿಸಿದ್ದರು. ಕಟ್ಟಡ ಹಿಂದೆ ಹೇಗಿತ್ತೆಂದು ತಿಳಿಯಲು ಡೇನಿಯಲ್ ಎಂಬ ಚಿತ್ರಕಾರರ ಹಳೆಯ ಚಿತ್ರಗಳನ್ನೂ ನೋಡಿದ್ದರು. ನನಗೆ ನನ್ನ ತಾರಸಿಯ ಎತ್ತರವೇ ಗೊತ್ತಿರಲಿಲ್ಲ.

3. ನೀಲಗಿರಿ ತೋಪನ್ನು ಗುರುತಿಗೆ ಇಟ್ಟುಕೊಳ್ಳಬೇಡಿ

ದಿಗಂತದಲ್ಲಿ ಸೂರ್ಯ ಎದ್ದ ಜಾಗಕ್ಕೆ ಅದನ್ನೇ ಗುರುತು ಮಾಡಿಕೊಂಡರೆ, ಕಡಿದುಬಿಡುತ್ತಾರೆ. ಶ್ರೀನಿವಾಸಪುರದ ಹಳೇ ಮಾವಿನ ಮರ ವಾಸಿ. ಬಂಡೆ ಇನ್ನೂ ವಾಸಿ. ಮಾಲೂರಲ್ಲಿ ಇಟ್ಟಿಗೆ ಗೂಡಿನ ಹೊಗೆಯಿದ್ದ ದಿನ ಬಿಂಬ ಮಬ್ಬಿನೊಳಗಿಂದಲೇ ಎದ್ದು ಬರುತ್ತದೆ, ಅದನ್ನೂ ಬರೆದಿಡಿ.

4. ಸಂಕ್ರಾಂತಿ ಕಳೆದ ಮೇಲೂ ಸೂರ್ಯ ತಡ ಮಾಡುತ್ತಾನೆ

ಉತ್ತರಾಯಣ ಬಂತು, ಇನ್ನು ಬೇಗ ಬೆಳಗಾಗುತ್ತದೆ ಎಂದುಕೊಂಡಿದ್ದೆ. ವಿಡಿಯೊಗಳಲ್ಲಿ ದಿನದಿನಕ್ಕೂ ತಡ! ಗಡಿಯಾರ ಮತ್ತೆ ಕೆಟ್ಟಿತೆಂದು ಅಂಕಿಗಳನ್ನು 'ತಿದ್ದಲು' ಕೂತೆ. ನಮ್ಮ ಗುಂಪಿನ ಮುಳಬಾಗಿಲಿನ ಮೇಷ್ಟ್ರು ತಡೆದರು: "ಅಲ್ಲಪ್ಪಾ, ಗಡಿಯಾರ ಸರೀಗೇ ಐತೆ." ಭೂಮಿಯ ಓರೆ, ಅದರ ಅಂಡಾಕಾರದ ದಾರಿ ಎರಡೂ ಸೇರಿ ನಮ್ಮ ಅಕ್ಷಾಂಶದಲ್ಲಿ ಜನವರಿ ಕೊನೆಯವರೆಗೂ ಸೂರ್ಯೋದಯ ಹಿಂದೆ ಬೀಳುತ್ತದೆ. ಹಗಲು ಬೆಳೆಯುವುದು ಸಂಜೆಯ ಕಡೆಯಿಂದ.

5. ಮೂಲ ವಿಡಿಯೊ ಉಳಿಸಿಕೊಳ್ಳಿ

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಚಿತ್ರವೂ ಕುಗ್ಗುತ್ತದೆ, ಸಮಯದ ವಿವರವೂ ಹೋಗುತ್ತದೆ. ಸೂರ್ಯ ಮೇಲೇರಿದ ಮೇಲೆ ಫಿಲ್ಟರ್ ಇಲ್ಲದೆ ಜೂಮ್ ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಡಬೇಡಿ. ಮೋಡದ ದಿನದ್ದನ್ನು ಅಳಿಸುತ್ತಿದ್ದೆ; ಕಾಣಲಿಲ್ಲ ಎನ್ನುವುದೂ ದಾಖಲೆಯೇ ಎಂದು ಮೇಷ್ಟ್ರು ಗದರಿದರು. ಮೊಬೈಲಲ್ಲಿ ಜಾಗ ಸಾಲದಿದ್ದರೆ ನೆಂಟರ ಮದುವೆ ವಿಡಿಯೊ ಅಳಿಸಿ.