ವಿಂಚ್ ಗಾಡಿಗೆ ಎರಡನೇ ಬ್ಯಾಟರಿ

ತಮ್ಮನಿಗೆ,

ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚ್ ಹಾಕಿಸಿದ ಗಾಡಿಗೆ ಎರಡನೇ ಬ್ಯಾಟರಿ ಸೇರಿಸಿದರೆ ವಿಂಚಿನ ಕಸುವು ಹೆಚ್ಚುವುದಿಲ್ಲ, ಅದು ದುಡಿಯುವ ಹೊತ್ತು ಹೆಚ್ಚುತ್ತದೆ. ಎಷ್ಟು ಭಾರ ಎಳೆಯಬಲ್ಲದು ಎಂಬುದನ್ನು ಮೋಟರು ಮತ್ತು ಗೇರು ಗೊತ್ತುಮಾಡುತ್ತವೆ. ಎಷ್ಟು ನಿಮಿಷ ಎಳೆಯಬಲ್ಲದು ಎಂಬುದು ಬ್ಯಾಟರಿ, ಆಲ್ಟರ್ನೇಟರ್ ಮತ್ತು ಮೋಟರಿನ ಕಾವಿಗೆ ಸೇರಿದ ವಿಷಯ. ಹೊಸದಾಗಿ ಥಾರ್ ಕೊಂಡ ಹುಡುಗರು ಇವೆರಡನ್ನೂ ಒಂದೇ ಎಂದುಕೊಂಡು ಹಣ ಸುರಿಯುತ್ತಿರುವುದರಿಂದಲೇ ಈ ಪತ್ರ ಬರೆಯಬೇಕಾಗಿ ಬಂತು.

ಥಾರ್, ಬೊಲೆರೊಗಳಿಗೆ ಹೊಂದುವ 9,500 ಪೌಂಡಿನ, ಅಂದರೆ ಸುಮಾರು 4,300 ಕಿಲೊ ಎಳೆತದ 12 ವೋಲ್ಟ್ ವಿಂಚು ಬರಿ ಹಗ್ಗ ಸುತ್ತುವಾಗ 60–80 ಆಂಪಿಯರ್ ಎಳೆಯುತ್ತದೆ. ಪೂರ್ತಿ ಭಾರ ಬಿದ್ದಾಗ ಅದು 400ರ ಆಸುಪಾಸಿಗೆ ಏರುತ್ತದೆ. ಎಂಜಿನ್ ಜೋರಾಗಿ ಓಡುತ್ತಿದ್ದು ಆಲ್ಟರ್ನೇಟರ್ 100 ಆಂಪಿಯರ್ ಕೊಟ್ಟರೂ ಉಳಿದ 300 ಬ್ಯಾಟರಿಯಿಂದಲೇ ಬರಬೇಕು. ಎರಡು ನಿಮಿಷದ ಎಳೆತಕ್ಕೆ 10 ಆಂಪಿಯರ್-ಅವರ್ ಖರ್ಚು. ಬ್ಯಾಟರಿಯ ಮೇಲೆ 70 ಎಂದು ಬರೆದಿದ್ದರೂ ಇಷ್ಟು ರಭಸದಿಂದ ತೆಗೆದಾಗ ಅಷ್ಟೂ ಕೈಗೆ ಸಿಗುವುದಿಲ್ಲ. ಇಷ್ಟು ಕೇಳಿದರೆ ಎರಡನೇ ಬ್ಯಾಟರಿ ಬೇಕೇ ಬೇಕು ಎನಿಸುತ್ತದೆ. ಆದರೆ ಪೂರ್ತಿ ಭಾರದಲ್ಲಿ ವಿಂಚಿನ ಮೋಟರೇ ಒಂದು ನಿಮಿಷಕ್ಕಿಂತ ಹೆಚ್ಚು ತಾಳುವುದಿಲ್ಲ, ಎಳೆದು ನಿಲ್ಲಿಸಿ ಆರಲು ಬಿಡಬೇಕು. ಆ ಬಿಡುವಿನಲ್ಲಿ ಓಡುವ ಎಂಜಿನ್ ಬ್ಯಾಟರಿಯನ್ನು ಮತ್ತೆ ತುಂಬುತ್ತಿರುತ್ತದೆ. ಆರಲು ಬಿಡುವ ತಾಳ್ಮೆ ಇದ್ದವರಿಗೆ ಒಳ್ಳೆಯ ಒಂದೇ ಬ್ಯಾಟರಿ ಬಹಳಷ್ಟು ಸಂದರ್ಭಗಳಲ್ಲಿ ಸಾಕಾಗುತ್ತದೆ.

ಯಾದಗಿರಿ, ಶಹಾಪುರ, ಸುರಪುರದ ನೆಲದಲ್ಲಿ ಗಾಡಿ ಸಿಕ್ಕಿಬೀಳುವ ಬಗೆಯೇ ಬೇರೆ. ಯರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಟೈರಿನ ಹಲ್ಲುಗಳೊಳಗೆ ತುಂಬಿಕೊಂಡು ಟೈರನ್ನು ನುಣ್ಣಗಾಗಿಸುತ್ತದೆ, ಆಕ್ಸಲ್ ಹೌಸಿಂಗ್ ತನಕ ಮುಳುಗಿದ ಗಾಡಿಯನ್ನು ಕೆಳಗಿನಿಂದ ಹಿಡಿದುಕೊಳ್ಳುತ್ತದೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ, ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಮಳೆಗಾಲದಲ್ಲಷ್ಟೇ ಇದ್ದ ರಾಡಿ ಬೇಸಿಗೆಯ ಬೆಳೆಗೂ ಬಂತು.

ಈ ಪತ್ರ ಬರೆದವರ ಪ್ರಾಯ ಕಳೆದದ್ದು ಆ ಕಾಲುವೆಗಳ ಏರಿಯ ಮೇಲೆ ಓಡುತ್ತಿದ್ದ ಜೀಪುಗಳಲ್ಲಿ. ಆಗ ವಿಂಚ್ ಎಂಬುದನ್ನು ಕಂಡವರೇ ಕಡಿಮೆ. ಡೈನಮೊ ಇಪ್ಪತ್ತು–ಮೂವತ್ತು ಆಂಪಿಯರ್ ಕೊಟ್ಟರೆ ದೊಡ್ಡದು. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ನಿಧಾನವಾಗಿ ಬಂದರೆ ಬೆಳಿಗ್ಗೆ ಸೆಲ್ಫ್ ತಿರುಗುತ್ತಿರಲಿಲ್ಲ. ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ಕೈಯಿಂದ ತಿರುವಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು, ಹಾಗೆ ಮುರಿದುಕೊಂಡವರೂ ಇದ್ದರು. ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಗುವ ತನಕ ಈ ಸೀಮೆಯೆಲ್ಲ ಗುಲ್ಬರ್ಗಾ ಜಿಲ್ಲೆ. ಒಳ್ಳೆಯ ಬ್ಯಾಟರಿ ಬೇಕೆಂದರೆ ಗುಲ್ಬರ್ಗಾ ಊರಿಗೇ ಬಸ್ಸು ಹತ್ತಬೇಕಿತ್ತು. ಹೀಗಾಗಿ ಇದ್ದ ಬ್ಯಾಟರಿಯನ್ನು ಮನೆಮಂದಿಯಂತೆ ನೋಡಿಕೊಳ್ಳುತ್ತಿದ್ದರು: ವಾರಕ್ಕೊಮ್ಮೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ನೋಡುವುದು, ಟರ್ಮಿನಲ್ ಮೇಲಿನ ಬಿಳಿ ಪುಡಿ ಬಿಸಿನೀರಲ್ಲಿ ತೊಳೆದು ಗ್ರೀಸ್ ಹಚ್ಚುವುದು. ಜೀಪು ಹೂತರೆ ಮೊದಲು ಸಲಿಕೆ, ಆಮೇಲೆ ಗಾಲಿಯ ಕೆಳಗೆ ತೊಗರಿ ಕಟ್ಟಿಗೆ, ಅದಕ್ಕೂ ಬಗ್ಗದಿದ್ದರೆ ಹತ್ತಿರದ ಹೊಲದಿಂದ ಎರಡು ಜೋಡಿ ಎತ್ತು. ಸಲಿಕೆಯಿಂದ ಮುಂಗಾಲಿಯ ಎದುರಿನ ಮಣ್ಣು ತೆಗೆದರೇ ಅರ್ಧ ಕೆಲಸ ಮುಗಿಯುತ್ತಿತ್ತು. ಇಂದಿನ ವಿಂಚಿಗೂ ಅದೇ ಕ್ರಮ ಅನ್ವಯಿಸುತ್ತದೆ: ಅಗೆದ ಮೇಲೆ ಎಳೆದರೆ ಭಾರ ಇಳಿಯುತ್ತದೆ, ಆಂಪಿಯರ್ ಇಳಿಯುತ್ತದೆ. ಸಲಿಕೆ ಇಲ್ಲದ ಗಾಡಿಗೆ ಎರಡು ಬ್ಯಾಟರಿ ಹಾಕಿಸುವುದು ತಿಳಿಗೇಡಿತನ. ಹಾಗೆ ಮಾಡುವವರು ಬೈಸಿಕೊಳ್ಳಲೇಬೇಕು.

ಸಲಿಕೆಯ ನಂತರದ ಜಾಗ ಸ್ನ್ಯಾಚ್ ಬ್ಲಾಕ್ ಎನ್ನುವ ರಾಟೆಯದು. ಹಗ್ಗವನ್ನು ಎದುರಿನ ಮರಕ್ಕೆ ಕಟ್ಟಿದ ರಾಟೆಯಲ್ಲಿ ಹಾಯಿಸಿ ಗಾಡಿಗೇ ಮರಳಿ ಕೊಕ್ಕೆ ಹಾಕಿದರೆ ವಿಂಚಿನ ಮೇಲಿನ ಭಾರ ಹೆಚ್ಚುಕಡಿಮೆ ಅರ್ಧವಾಗುತ್ತದೆ, ವೇಗವೂ ಅರ್ಧವಾಗುತ್ತದೆ. ಡ್ರಮ್ಮಿನಿಂದ ಹೆಚ್ಚು ಹಗ್ಗ ಬಿಚ್ಚಿದಷ್ಟೂ ಕಸುವು ಹೆಚ್ಚು, ಏಕೆಂದರೆ ವಿಂಚ್ ಅತಿ ಹೆಚ್ಚು ಎಳೆಯುವುದು ಒಳಗಿನ ಮೊದಲ ಸುತ್ತಿನಲ್ಲಿ. ಯರಿ ಹೊಲದಲ್ಲಿ ಕಟ್ಟಲು ಮರವೇ ಇರುವುದಿಲ್ಲ ಎಂಬುದು ನಿಜವಾದ ತೊಡಕು. ಬದುವಿನ ಬೇವು ದೂರವಿರುತ್ತದೆ, ಜಾಲಿಯ ಗಿಡ ಬೇರು ಸಮೇತ ಬರುತ್ತದೆ. ಉದ್ದನೆಯ ಹೆಚ್ಚುವರಿ ಹಗ್ಗಕ್ಕೆ ಹಣ ಕೊಡುವುದು ಇಲ್ಲಿ ಬ್ಯಾಟರಿಗೆ ಕೊಡುವುದಕ್ಕಿಂತ ಲೇಸು. ಉಕ್ಕಿನ ಹಗ್ಗವಿದ್ದರೆ ಅದರ ಮೇಲೆ ದಪ್ಪನೆಯ ಕೌದಿಯನ್ನೋ ಒದ್ದೆ ಗೋಣಿಚೀಲವನ್ನೋ ಹಾಕದೆ ಗುಂಡಿ ಒತ್ತಬಾರದು, ಹರಿದ ಹಗ್ಗ ಆಳನ್ನು ಕೊಲ್ಲುತ್ತದೆ.

ವಯರಿನ ವಿಷಯದಲ್ಲಿ ಕಂಜೂಸುತನ ಮಾಡುವವರೇ ಹೆಚ್ಚು. 25 ಚದರ ಮಿಲಿಮೀಟರಿನ ತಾಮ್ರದ ವಯರು, ಹೋಗಿ ಬರುವುದು ಸೇರಿ 4 ಮೀಟರ್ ಇದ್ದರೆ, 400 ಆಂಪಿಯರ್ ಹರಿದಾಗ ಅದರಲ್ಲೇ 1.1 ವೋಲ್ಟ್ ಕಳೆದುಹೋಗುತ್ತದೆ. 50 ಚದರ ಮಿಲಿಮೀಟರಿನದಾದರೆ ನಷ್ಟ ಅರ್ಧಕ್ಕಿಳಿಯುತ್ತದೆ. ವೋಲ್ಟೇಜ್ ಇಳಿದ ವಿಂಚ್ ನಿಧಾನವಾಗುತ್ತದೆ, ಎಳೆತದ ಹೊತ್ತು ಬೆಳೆದು ಮೋಟರ್ ಸುಡುತ್ತದೆ. ಬಣ್ಣದ ಮೇಲೆ ಬಿಗಿದ ಅರ್ಥ್ ಬೋಲ್ಟ್ ಇದೇ ಕೇಡು ಮಾಡುತ್ತದೆ. ಬ್ಯಾಟರಿ ಬಲಹೀನವಾಯಿತು ಎಂಬ ದೂರು ಎಷ್ಟೋ ಸಲ ಈ ವಯರಿನದು.

ಸೆಕೆಯೂ ಬ್ಯಾಟರಿಯ ವೈರಿ. ಸೀಸ-ಆಸಿಡ್ ಬ್ಯಾಟರಿಯ ಆಯುಷ್ಯ 25 ಡಿಗ್ರಿ ಸೆಲ್ಸಿಯಸ್ ದಾಟಿದ ಪ್ರತಿ 10 ಡಿಗ್ರಿಗೆ ಸುಮಾರು ಅರ್ಧವಾಗುತ್ತದೆ ಎಂಬುದು ಸಾಮಾನ್ಯ ಅಂದಾಜು. ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಬಾನೆಟ್ಟಿನ ಒಳಗೆ ಅದಕ್ಕೂ ಹೆಚ್ಚು. ಎರಡು ಬ್ಯಾಟರಿ ಎಂದರೆ ಬೇಸಿಗೆಯಲ್ಲಿ ಸಾಯುವ ಎರಡು ಬ್ಯಾಟರಿ, ಮುಂದಿನ ಸ್ಪ್ರಿಂಗಿನ ಮೇಲೆ ಇನ್ನೂ ಹದಿನೆಂಟು–ಇಪ್ಪತ್ತು ಕಿಲೊ ಭಾರ.

ಹಾಗೆಂದು ಎರಡನೇ ಬ್ಯಾಟರಿ ಎಲ್ಲರಿಗೂ ವ್ಯರ್ಥವಲ್ಲ. ಎಂಜಿನ್ನಿಗೆ ನೀರು ಹೊಕ್ಕಾಗ ಅದನ್ನು ಮತ್ತೆ ಚಾಲೂ ಮಾಡಬಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಗ ಆಲ್ಟರ್ನೇಟರ್ ಇಲ್ಲ, ವಿಂಚಿಗೆ ಬ್ಯಾಟರಿಯೊಂದೇ ಗತಿ. ರಾತ್ರಿಯೆಲ್ಲ ಲೈಟು, ಫ್ರಿಜ್ ಹಾಕಿಕೊಂಡು ಬಯಲಲ್ಲಿ ತಂಗುವವರಿಗೂ ಅದು ಬೇಕು. ಆದರೆ ಕೃಷ್ಣೆ ತುಂಬಿ ಕೊಳ್ಳೂರು ಸೇತುವೆ ಮುಳುಗಿದಾಗ ಗಾಡಿ ಇಳಿಸಿ ವಿಡಿಯೊ ಮಾಡುವವರಿಗೆ ಹತ್ತು ಬ್ಯಾಟರಿ ಇದ್ದರೂ ಉಪಯೋಗವಿಲ್ಲ. ಹೆತ್ತವರ ಮುಖ ನೆನೆಯದ ಕೆಲಸ ಅದು. ಇಷ್ಟು ಕಟುವಾಗಿ ಬರೆದದ್ದು ಪ್ರೀತಿಯಿಂದ, ತಮ್ಮ ಅದನ್ನು ಹಾಗೆಯೇ ತಿಳಿಯಬೇಕು.

ಎಲ್ಲ ತೂಗಿನೋಡಿದ ಮೇಲೂ ಹಾಕಿಸುವುದಾದರೆ ಸರಿಯಾಗಿ ಹಾಕಿಸಬೇಕು. ಎರಡು ಬ್ಯಾಟರಿಗಳನ್ನು ಸದಾ ಜೋಡಿಸಿಡಬಾರದು, ಒಂದು ಸತ್ತರೆ ಇನ್ನೊಂದನ್ನೂ ಬರಿದು ಮಾಡುತ್ತದೆ. ನಡುವೆ ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ ಬೇಕು. ಸಾಮಾನ್ಯವಾಗಿ ಅದು 13.3 ವೋಲ್ಟಿನ ಸುಮಾರಿಗೆ ಜೋಡಿಸಿ 12.8ರ ಸುಮಾರಿಗೆ ಬಿಡಿಸುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಕೆಲವಕ್ಕೆ ಕಂಪ್ಯೂಟರು ನಿಯಂತ್ರಿಸುವ ಆಲ್ಟರ್ನೇಟರ್ ಇದೆ. ಅವಕ್ಕೆ ಆ ರಿಲೇ ಒಗ್ಗುವುದಿಲ್ಲ, ಡಿಸಿ-ಡಿಸಿ ಚಾರ್ಜರ್ ಬೇಕು. ನೆಗೆಟಿವ್ ಟರ್ಮಿನಲ್ ಮೇಲೆ ಸೆನ್ಸರ್ ಇರುವ ಗಾಡಿಯಲ್ಲಿ ಎರಡನೇ ಬ್ಯಾಟರಿಯ ಅರ್ಥನ್ನು ಟರ್ಮಿನಲ್ಲಿಗಲ್ಲ, ಚಾಸಿಗೇ ಕೊಡಬೇಕು. ಎರಡು ಬ್ಯಾಟರಿಗಳನ್ನು ಕೂಡಿಸುವ ವಯರಿನ ಎರಡೂ ತುದಿಗೆ ಫ್ಯೂಸ್ ಇರಬೇಕು, ವಿಂಚಿನ ವಯರಿಗೆ ಕೈಗೆ ಸಿಗುವ ಕಟ್-ಆಫ್ ಸ್ವಿಚ್ ಇರಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುವುದರಿಂದ ಬ್ಯಾಟರಿಯನ್ನು ಸೀಟಿನ ಹಿಂದೆ ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ಅಪಾಯ. ವಿಂಚಿಗಾಗಿ ಬುಲ್ ಬಾರ್ ಹಾಕಿಸುವವರು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅವುಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದದ್ದನ್ನೂ ಗಮನದಲ್ಲಿಡಬೇಕು.

ಬ್ಯಾಟರಿ ಒಂದಿರಲಿ ಎರಡಿರಲಿ, ಅದಕ್ಕೆ ಬೋರಿನ ನೀರನ್ನು ಸುರಿಯಬಾರದು, ಅದರ ಉಪ್ಪಿನಂಶ ಪ್ಲೇಟುಗಳನ್ನು ತಿನ್ನುತ್ತದೆ. ಮುಂಗಾರಿಗೆ ಮೊದಲು ಗಾಡಿ ಒಂದು ರಾತ್ರಿ ನಿಂತ ಮೇಲೆ ಮೀಟರಿನಲ್ಲಿ ಅಳೆಯಬೇಕು: 12.6 ವೋಲ್ಟ್ ಎಂದರೆ ತುಂಬಿದೆ, 12.2 ಎಂದರೆ ಅರ್ಧ. ಪೂರ್ತಿ ಚಾರ್ಜ್ ಮಾಡಿದ ಮರುದಿನವೂ ಅರ್ಧಕ್ಕೇ ಇಳಿಯುವ ಬ್ಯಾಟರಿಯನ್ನು ಬದಲಿಸಬೇಕು.


ಹಿರಿಯಣ್ಣ