ದಾಖಲಿಸಿಟ್ಟ ಉತ್ತರಗಳು

ಊರಿನ ಉಷ್ಣತೆಯನ್ನು ಅಂತರಜಾಲದ ಹವಾಮಾನ ಸೇವೆಯೊಂದರಿಂದ ಕೇಳಿ ತಿಳಿದು, ಅದು 35 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ್ದರೆ ಬಿಸಿಲಿಗೆ ಹೋಗದಂತೆ ಎಚ್ಚರಿಸುವ ತಂತ್ರಾಂಶವೊಂದನ್ನು ವಿದ್ಯಾರ್ಥಿಯೊಬ್ಬನು ರಚಿಸಿದನೆನ್ನೋಣ. ಅದನ್ನು ಪರೀಕ್ಷಿಸುವುದೆಂತು? ಸೇವೆಯು ಈ ದಿನ 36 ಎಂದೀತು. ನಾಳೆ ಮಳೆ ಬಂದರೆ 27 ಎಂದೀತು. ಸಂಪರ್ಕ ಕಡಿದರೆ ಏನನ್ನೂ ಹೇಳದು. ತಂತ್ರಾಂಶದಲ್ಲಿ ಒಂದಕ್ಷರವೂ ಬದಲಾಗದಿದ್ದರೂ ಪರೀಕ್ಷೆಯ ಫಲ ದಿನಕ್ಕೊಂದು ಬಗೆಯಾಗುವುದು. ಅಳೆಯುವ ಕೋಲೇ ಹಿಗ್ಗಿ ಕುಗ್ಗುತ್ತಿದ್ದರೆ ಬಟ್ಟೆಯ ಉದ್ದವನ್ನು ಹೇಳಲಾದೀತೆ?

ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಮೊದಲ ಸಲ ನಿಜವಾದ ಸೇವೆಯನ್ನೇ ಕೇಳಿ, ಪ್ರಶ್ನೆಯನ್ನೂ ಉತ್ತರವನ್ನೂ ಒಂದು ಕಡತದಲ್ಲಿ ಬರೆದಿಡುವುದು. ಮುಂದೆ ಅದೇ ಪ್ರಶ್ನೆ ಬಂದಾಗಲೆಲ್ಲ ಕಡತದಿಂದಲೇ ಉತ್ತರವನ್ನೊದಗಿಸುವುದು. ಪರೀಕ್ಷೆಗಾಗಿ ಹೀಗೆ ಸ್ಥಿರಪಡಿಸಿಟ್ಟ ಸಾಮಗ್ರಿಗೆ ಫಿಕ್ಸ್‌ಚರ್ ಎಂದು ಹೆಸರು. ರೂಬಿ ಎಂಬ ಗಣಕಭಾಷೆಗಾಗಿ 2010ರಲ್ಲಿ ಹೊರಬಂದ ವಿಸಿಆರ್ ಎಂಬ ಸಾಧನವು ಈ ಕೆಲಸವನ್ನು ಮಾಡುವುದು. ಹಿಂದೆ ಮನೆಗಳಲ್ಲಿದ್ದ ವಿಡಿಯೊ ಯಂತ್ರದ ಹೆಸರನ್ನಿಟ್ಟುಕೊಂಡ ಈ ಸಾಧನವು ತನ್ನ ಕಡತಗಳನ್ನು ಕ್ಯಾಸೆಟ್ ಎಂದೇ ಕರೆಯುವುದು ವಿನೋದಕರವಾಗಿದೆ.

ಬಂದ ಪ್ರಶ್ನೆಯು ದಾಖಲೆಯಲ್ಲಿರುವುದೇ ಎಂದು ಗುರುತಿಸಲು ವಿಸಿಆರ್ ಸಾಮಾನ್ಯವಾಗಿ ಎರಡು ಅಂಶಗಳನ್ನು ನೋಡುವುದು: ಕೋರಿಕೆಯ ವಿಧಾನ (ಗೆಟ್, ಪೋಸ್ಟ್ ಮುಂತಾದುದು) ಮತ್ತು ವಿಳಾಸ. ಹೊಸಬರು ಎಡವುವುದು ಇಲ್ಲಿಯೇ. ವಿಳಾಸದಲ್ಲಿ ಆ ದಿನದ ತಾರೀಖು ಸೇರಿದ್ದರೆ, ಇಂದಿನ ಕ್ಯಾಸೆಟ್ಟಿನಲ್ಲಿ ನಾಳಿನ ಪ್ರಶ್ನೆ ದೊರೆಯದು. ಪರೀಕ್ಷೆ ಅಲ್ಲಿಗೇ ನಿಂತುಬಿಡುವುದು. ಆದುದರಿಂದ ಪರೀಕ್ಷೆ ಮುಗಿಯುವವರೆಗೆ ತಂತ್ರಾಂಶಕ್ಕೆ ಕಾಣುವ ಗಡಿಯಾರವನ್ನೂ ದಾಖಲೆಯ ದಿನದಲ್ಲಿಯೇ ನಿಲ್ಲಿಸಬೇಕು. ಹೋಲಿಸುವಾಗ ತಾರೀಖನ್ನು ಕಡೆಗಣಿಸುವಂತೆಯೂ ಮಾಡಬಹುದು. ಆದರೆ ತಪ್ಪು ತಾರೀಖನ್ನು ಕೇಳುವ ದೋಷವೂ ಆಗ ಮರೆಯಾಗುವುದರಿಂದ ಮೊದಲನೆಯ ಕ್ರಮವೇ ಮೇಲು.

ಗ್ರಾಹಕನನ್ನು ಗುರುತಿಸಲು ಸೇವೆಗಳು ಕೇಳುವ ಗುಪ್ತ ಕೀಲಿಯೂ ಪ್ರಶ್ನೆಯೊಡನೆ ಕ್ಯಾಸೆಟ್ಟಿಗೆ ಸೇರುವುದೆಂಬುದನ್ನು ಮರೆಯಬಾರದು. ಬರೆಯುವ ಮೊದಲೇ ಅದರ ಸ್ಥಾನದಲ್ಲಿ ಬೇರೊಂದು ಪದವನ್ನಿಡುವ ಏರ್ಪಾಡುಂಟು. ಮರೆತು ಗಿಟ್ ಭಂಡಾರಕ್ಕೆ ಸೇರಿಸಿದರೆ, ಮರುದಿನ ಅಳಿಸಿದರೂ ಹಳೆಯ ಆವೃತ್ತಿಯಲ್ಲಿ ಕೀಲಿ ಉಳಿದೇ ಇರುವುದು. ಆಗ ಕೀಲಿಯನ್ನೇ ರದ್ದುಪಡಿಸಬೇಕು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಅಪಾಯ ಮತ್ತೊಂದು. ಸೇವೆಯವರು ಒಂದು ದಿನ ಸೆಲ್ಸಿಯಸ್ಸನ್ನು ಬಿಟ್ಟು ಫ್ಯಾರನ್‌ಹೀಟಿನಲ್ಲಿ ಉಷ್ಣತೆಯನ್ನು ಹೇಳತೊಡಗಿದರೆನ್ನಿ. ಕ್ಯಾಸೆಟ್ಟು ಹಳೆಯ 36ನ್ನೇ ಹೇಳುತ್ತಿರುವುದು, ಪರೀಕ್ಷೆಗಳೆಲ್ಲ ತೇರ್ಗಡೆಯಾಗುತ್ತಿರುವುವು. ಅತ್ತ 27 ಡಿಗ್ರಿಯ ಹಿತವಾದ ದಿನ ಸೇವೆಯು 80.6 ಎಂದು ಕೊಡಲು, ಜನರಿಗೆ ಬಿಸಿಲಿನ ಎಚ್ಚರಿಕೆ ಹೋಗುವುದು! ನಿಯತ ಅವಧಿಗೊಮ್ಮೆ ಮರಳಿ ದಾಖಲಿಸುವ ವ್ಯವಸ್ಥೆ ವಿಸಿಆರ್‌ನಲ್ಲಿದೆ. ಆದರೆ ಮರುದಾಖಲೆಯ ದಿನ ಮಳೆಯಿದ್ದರೆ ಎಚ್ಚರಿಕೆಯ ಪರೀಕ್ಷೆಯೇ ಸೋಲುವುದಲ್ಲವೆ? ಆದುದರಿಂದ 35ರ ಮಿತಿಯನ್ನು ಪರೀಕ್ಷಿಸಲು ನಾವೇ ಆರಿಸಿದ ಅಂಕಿಗಳನ್ನು ಕೊಡಬೇಕು. ಸೇವೆಯ ಉತ್ತರವನ್ನು ತಂತ್ರಾಂಶವು ಸರಿಯಾಗಿ ಓದಿಕೊಳ್ಳುವುದೇ ಎಂಬುದಕ್ಕೆ ಮಾತ್ರ ಕ್ಯಾಸೆಟ್ಟನ್ನು ಬಳಸಬೇಕು. ಹೊಸ ಕ್ಯಾಸೆಟ್ಟು ಬಂದಾಗ ಹಳೆಯದರೊಡನೆ ಅದನ್ನು ಹೋಲಿಸಿ, ಬದಲಾದುದು ಅಂಕಿಯೊಂದೇ ಅಥವಾ ಮಾನವೂ ಹೌದೇ ಎಂದು ಕಣ್ಣಾರೆ ನೋಡುವ ಕೆಲಸ ಮನುಷ್ಯನ ಪಾಲಿಗೇ ಉಳಿಯುವುದು.