ಮಲೆನಾಡಿನ ಕಾಡೂ ಕಂಪನಿಗಳ ಸಸಿಯೂ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮರವಿರುವ ನೆಲಕ್ಕೆಲ್ಲ ಒಂದೇ ಹೆಸರಿಲ್ಲ. ಹಗಲಿನಲ್ಲಿಯೂ ಬಿಸಿಲು ನೆಲಕ್ಕಿಳಿಯದ ನಿತ್ಯಹಸುರಿನ ಕಾಡು ‘ಕಾನು’. ಅಡಿಕೆಯ ತೋಟಕ್ಕೆ ಸೊಪ್ಪನ್ನೂ ತರಗನ್ನೂ ಒದಗಿಸುವುದು ‘ಸೊಪ್ಪಿನಬೆಟ್ಟ’. ದನ ಮೇಯುವ ಹುಲ್ಲುನೆಲ ‘ಬ್ಯಾಣ’. ಈ ಮಾತುಗಳ ಸಾಲಿಗೆ ನಮ್ಮ ತಂದೆಯವರ ಕಾಲದಲ್ಲಿ ಇನ್ನೊಂದು ಬಂದು ಸೇರಿತು. ಅದು ‘ಪ್ಲಾಂಟೇಶನ್’. ನಮ್ಮೂರಿನ ಯಾವ ಮುದುಕಿಯೂ ಬಾಯಿತಪ್ಪಿ ಕೂಡ ಪ್ಲಾಂಟೇಶನ್ನನ್ನು ಕಾನು ಎಂದು ಕರೆಯಳು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಬಹುಮಟ್ಟಿಗೆ ಆ ಭೇದದಲ್ಲಿಯೇ ಅಡಗಿದೆ.

ದೊಡ್ಡ ವ್ಯಾಪಾರ ಸಂಸ್ಥೆಗಳು ಹಣ ಕೊಟ್ಟು ಗಿಡ ನೆಡಿಸುವ ಪದ್ಧತಿ ಇತ್ತೀಚೆಗೆ ಬಹಳವಾಗಿ ಬೆಳೆದಿದೆ. ಇದಕ್ಕೆ ಮುಖ್ಯ ಕಾರಣ ಒಂದು ಕಾಯಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ನಿವ್ವಳ ಆಸ್ತಿ 500 ಕೋಟಿ ರೂಪಾಯಿ, ಇಲ್ಲವೆ ವಹಿವಾಟು 1000 ಕೋಟಿ, ಇಲ್ಲವೆ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಹಿತದ ಕೆಲಸಗಳಿಗೆ ವೆಚ್ಚ ಮಾಡತಕ್ಕದ್ದು. ಅಂಥ ಕೆಲಸಗಳ ಪಟ್ಟಿಯಲ್ಲಿ ಶಾಲೆ ಆಸ್ಪತ್ರೆಗಳ ಜೊತೆಗೆ ಪರಿಸರದ ಸಮತೋಲನ, ಸಸ್ಯ ಮತ್ತು ಪ್ರಾಣಿಗಳ ರಕ್ಷಣೆ ಎಂಬುವೂ ಸೇರಿವೆ. ಇದು ಸ್ವಾಗತಾರ್ಹವೇ ಸರಿ. ಆದರೆ ಹಣ ಬಂದ ಮಾತ್ರಕ್ಕೆ ಕಾಡು ಬರುವುದೆ?

ಕಂಪನಿಗಳು ಮರ ನೆಡುವುದು ನಮ್ಮ ಜಿಲ್ಲೆಗೆ ಹೊಸ ಸಂಗತಿಯಲ್ಲ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರಖಾನೆಗೆ 1980ರಲ್ಲಿ ಸರ್ಕಾರವು ಮೂವತ್ತು ಸಾವಿರ ಹೆಕ್ಟೇರಿನಷ್ಟು ಅರಣ್ಯಭೂಮಿಯನ್ನು ನಲವತ್ತು ವರ್ಷಗಳ ಗೇಣಿಗೆ ಕೊಟ್ಟಿತು. ಕಾಗದಕ್ಕೆ ಬೇಕಾದ ಮೆದುಮರಕ್ಕಾಗಿ ಅಲ್ಲಿ ಅಕೇಶಿಯ, ನೀಲಗಿರಿ ಮೊದಲಾದುವನ್ನು ಬೆಳೆಸಿದರು. ಕಾರಖಾನೆಯ ಉತ್ಪಾದನೆ 2015ರ ಸುಮಾರಿಗೆ ನಿಂತುಹೋಯಿತು. ಗೇಣಿಯ ಅವಧಿ 2020ರಲ್ಲಿ ಮುಗಿಯಿತು. ಅದೇ ವರ್ಷ ಸರ್ಕಾರ ಇನ್ನು ನಲವತ್ತು ವರ್ಷ ಅದನ್ನು ಮುಂದುವರಿಸಲು ಹೊರಟಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನಲ್ಲಿ ಚಳವಳಿಯೇ ಎದ್ದಿತು. ಇದಕ್ಕೂ ಹಿಂದೆ, 1984ರಲ್ಲಿ, ಹರಿಹರ ಪಾಲಿಫೈಬರ್ಸ್ ಕಾರಖಾನೆಗೆ ಮರ ಒದಗಿಸಲೆಂದು ಸರ್ಕಾರವೂ ಆ ಕಂಪನಿಯೂ ಪಾಲುಗೂಡಿ ‘ಕರ್ನಾಟಕ ಪಲ್ಪ್‌ವುಡ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದ್ದುವು. ಹಳ್ಳಿಯವರ ದನ ಮೇಯುತ್ತಿದ್ದ ನೆಲವೇ ಅದರ ಪಾಲಿಗೆ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ನಾಡಮರದ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಪ್ರಸಿದ್ಧವಾದ ಸತ್ಯಾಗ್ರಹ ಅದು. ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟವರಲ್ಲಿ ಒಬ್ಬರಾಗಿದ್ದರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು.

ಅಕೇಶಿಯವನ್ನು ಪೂರ್ತಿಯಾಗಿ ಹಳಿಯಲು ನನಗೆ ಮನಸ್ಸು ಬಾರದು. ನಮ್ಮ ಮನೆಯ ಒಲೆಯಲ್ಲಿ ಉರಿದದ್ದು ಅದೇ ಕಟ್ಟಿಗೆ. ಅದಿಲ್ಲದಿದ್ದರೆ ಆ ಕತ್ತಿಯೇಟು ಕಾನಿಗೇ ಬೀಳುತ್ತಿತ್ತು. ಗುಂಡಿ ತೆಗೆದ ಕೂಲಿಯಲ್ಲಿ ಎಷ್ಟೋ ಮನೆಗಳ ಮಳೆಗಾಲ ಕಳೆದಿದೆ. ಆದರೆ ಕಾಡಿನ ಪ್ರಾಣಿಗಳ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಆಸ್ಟ್ರೇಲಿಯದ ಕಡೆಯಿಂದ ಬಂದ ಈ ಮರದ ತೋಪಿನಲ್ಲಿ ಸಿಂಗಳೀಕಕ್ಕೂ ಮಂಗಟ್ಟೆಹಕ್ಕಿಗೂ ಊಟವಿಲ್ಲ. ಅದರ ತರಗು ಬೇಗ ಕೊಳೆಯುವುದೂ ಇಲ್ಲ.

ಸಿಂಗಳೀಕದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪಶ್ಚಿಮಘಟ್ಟವನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಈ ಪ್ರಾಣಿ ಕಾಡಿನಲ್ಲಿ ಇಲ್ಲ. ಶರಾವತಿ ಕಣಿವೆಯ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಅದರ ಹೆಸರಿನಲ್ಲೇ ಸಿಂಗಳೀಕವನ್ನು ಸೇರಿಸಿದ್ದಾರೆ. ಇದು ನೆಲಕ್ಕೆ ಇಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ದಾಟುತ್ತ ಹಣ್ಣು, ಬೀಜ, ಹುಳುಗಳನ್ನು ಹುಡುಕಿ ತಿನ್ನುತ್ತದೆ. ಆದುದರಿಂದ ಮರಗಳ ನೆತ್ತಿ ಒಂದಕ್ಕೊಂದು ತಾಗಿರಬೇಕು. ವರ್ಷದ ಹನ್ನೆರಡು ತಿಂಗಳೂ ಯಾವುದಾದರೊಂದು ಮರ ಹಣ್ಣು ಬಿಡುತ್ತಿರಬೇಕು. ಹಲಸು, ಹೆಬ್ಬಲಸು, ನೇರಳೆ ಹಣ್ಣಾಗುವುದು ಬೇಸಗೆಯ ಕೊನೆಯಿಂದ ಮಳೆಯ ಆರಂಭದವರೆಗೆ. ಉಳಿದ ತಿಂಗಳುಗಳಲ್ಲಿ ಕೈಹಿಡಿಯುವುವು ಅತ್ತಿ, ಬಸರಿ, ಗೋಣಿಯಂಥವು. ಮಂಗಟ್ಟೆಗೆ ಅತ್ತಿಯ ಜಾತಿಯ ಹಣ್ಣುಗಳ ಜೊತೆಗೆ ರಾಮಪತ್ರೆಯ ಹಣ್ಣೂ ಬೇಕು. ಮೊಟ್ಟೆಯಿಡಲು ದೊಡ್ಡ ಹಳೆಯ ಮರದ ಪೊಟರೆ ಬೇಕು. ಒಂದೇ ಜಾತಿಯ ಲಕ್ಷ ಗಿಡ ನೆಟ್ಟರೆ, ಅದು ನಾಡಮರವೇ ಆಗಿದ್ದರೂ, ವರ್ಷದಲ್ಲಿ ಒಂದು ತಿಂಗಳು ಊಟ, ಹನ್ನೊಂದು ತಿಂಗಳು ಉಪವಾಸ.

ಇಂಥ ಕಾನು ನಮ್ಮಲ್ಲಿ ತುಂಡುತುಂಡಾಗಿ ಉಳಿದಿದೆ. 1964ರಲ್ಲಿ ಕಟ್ಟಿದ ಲಿಂಗನಮಕ್ಕಿಯ ಹಿನ್ನೀರು ಸಾಗರ, ಹೊಸನಗರಗಳ ಸುಮಾರು 300 ಚದರ ಕಿಲೋಮೀಟರು ನೆಲವನ್ನು ಮುಚ್ಚಿತು. ಆಮೇಲೆ ಚಕ್ರಾ, ಸಾವೇಹಕ್ಕಲು, ಮಾಣಿಯ ಕಟ್ಟೆಗಳು ಬಂದುವು. ಮುಳುಗಿದ್ದನ್ನು ತಿರುಗಿ ತರಲಾಗದು. ಆದರೆ ಉಳಿದ ಎರಡು ತುಂಡು ಕಾನುಗಳ ನಡುವೆ ಬೋಳಾಗಿರುವ ಅರ್ಧ ಮೈಲಿಯ ಬೆಟ್ಟವನ್ನು ಮತ್ತೆ ಮರದಿಂದ ಮುಚ್ಚಬಹುದು. ಕಂಪನಿಯ ಹಣದಿಂದ ನಿಜವಾದ ಉಪಕಾರ ಆಗುವುದಿದ್ದರೆ ಅಲ್ಲಿ ಎಂದು ನನ್ನ ಭಾವನೆ. ಹೆದ್ದಾರಿಯ ಬದಿಯಲ್ಲಿ ಫಲಕ ಚೆನ್ನಾಗಿ ಕಾಣಿಸುವುದು ನಿಜ, ಆದರೆ ಸಿಂಗಳೀಕವು ಫಲಕವನ್ನು ಓದುವುದಿಲ್ಲ.

ಕೊಡಚಾದ್ರಿಯ ನೆತ್ತಿಯ ಹುಲ್ಲುಗಾವಲಿನಂಥ ಜಾಗಗಳನ್ನು ‘ಬರಿದು’ ಎಂದು ತಿಳಿದು ಅಲ್ಲಿ ಗಿಡ ನೆಡುವುದೂ ತಪ್ಪೇ. ಅದು ಹುಲ್ಲಿಗೇ ಸಂದ ನೆಲ, ಹುಲ್ಲನ್ನು ನಂಬಿದ ಜೀವಗಳೂ ಉಂಟು. ಹಾಗೆಯೇ ತೋಟದ ಬೇಲಿಗೆ ಒತ್ತಿ ಹಣ್ಣಿನ ಗಿಡ ನೆಟ್ಟರೆ ಊರ ಮಂಗನನ್ನು ಊಟಕ್ಕೆ ಕರೆದಂತಾಗುತ್ತದೆ. ಏಲಕ್ಕಿ, ಬಾಳೆ, ಎಳೆಯ ಅಡಿಕೆ ಕಳೆದುಕೊಂಡ ರೈತನಿಗೆ ಆಮೇಲೆ ವನ್ಯಜೀವಿಗಳ ಮಹತ್ತ್ವವನ್ನು ಯಾರು ಬೋಧಿಸಬಲ್ಲರು?

ಇನ್ನು ಬೀಜದ ಮಾತು. ಈ ವಿಷಯದಲ್ಲಿ ನಗರದ ಕಚೇರಿಗೂ ಮಲೆನಾಡಿನ ಕಾಡಿಗೂ ಹೊಂದಿಕೆಯೇ ಇಲ್ಲ. ಅಕೇಶಿಯದ ಬೀಜಕ್ಕೆ ಗಟ್ಟಿ ಸಿಪ್ಪೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಇಟ್ಟು, ಬೇಕಾದಾಗ ಬಿಸಿನೀರಿನಲ್ಲಿ ನೆನೆಸಿ ಬಿತ್ತಬಹುದು. ಹಲಸು, ನೇರಳೆ, ರಾಮಪತ್ರೆ, ಧೂಪದ ಬೀಜ ಹಾಗಲ್ಲ. ಒಣಗಿದರೆ ಸತ್ತಿತು. ಬಿದ್ದ ಕೆಲವೇ ದಿನಗಳಲ್ಲಿ ಅದು ಮಣ್ಣು ಸೇರಬೇಕು. ಉಪ್ಪಾಗೆಯದು ಇನ್ನೊಂದು ಹಟ. ಮೊಳೆಯಲು ತಿಂಗಳುಗಟ್ಟಲೆ ಕಾಯಿಸುತ್ತದೆ. ಈ ಮಳೆಗಾಲದಲ್ಲಿ ಆಯ್ದ ಬೀಜದ ಸಸಿ ಗಟ್ಟಿಯಾಗಿ ನೆಡಲು ಸಿದ್ಧವಾಗುವುದು ಮುಂದಿನ ಮಳೆಗಾಲಕ್ಕೆ, ಹಲವು ಜಾತಿಗಳಲ್ಲಿ ಅದರ ಮುಂದಿನದಕ್ಕೆ. ಕಂಪನಿಯ ವರ್ಷವಾದರೋ ಮಾರ್ಚ್ 31ಕ್ಕೆ ಮುಗಿಯುತ್ತದೆ. ಜನವರಿಯಲ್ಲಿ ಹಣ ಮಂಜೂರಾಗಿ, ಜೂನಿನಲ್ಲಿ ಹತ್ತು ಸಾವಿರ ಸಸಿ ಬೇಕೆಂದರೆ ಸಸ್ಯಕ್ಷೇತ್ರದವರು ಕೈಯಲ್ಲಿರುವುದನ್ನು ಕೊಡುತ್ತಾರೆಯೇ ಹೊರತು ಕಾನಿನ ಮರವನ್ನು ಎಲ್ಲಿಂದ ತಂದಾರು?

ನನ್ನ ತಾಯಿ ಮೂರು ಮಳೆಗಾಲ ಗಿಡ ನೆಡುವ ಕೂಲಿಗೆ ಹೋಗಿದ್ದರು. ಹಣ ಯಾವುದೋ ಕಂಪನಿಯದು, ಕೆಲಸ ಮಾಡಿಸಿದವರು ಗುತ್ತಿಗೆದಾರರು. ಕೂಲಿ ದಿನಕ್ಕಲ್ಲ, ಗಿಡದ ಲೆಕ್ಕಕ್ಕೆ. ಪ್ಲಾಸ್ಟಿಕ್ ಚೀಲವನ್ನು ಸೀಳಿ, ಬೇರಿನ ಮಣ್ಣು ಉದುರದಂತೆ ಇಳಿಸಿ, ಸುತ್ತ ಮಣ್ಣು ತುಳಿಯುವುದಕ್ಕೆ ಹೊತ್ತು ಹಿಡಿಯುತ್ತದೆ. ಚೀಲದ ಸಮೇತ ಗುಂಡಿಗೆ ಇಳಿಸಿದರೆ ಬೇಗ. ಸಂಜೆ ಎಣಿಸುವವರು ಮೇಲಿನಿಂದ ಎಣಿಸುತ್ತಿದ್ದರು. ಆ ಬೆಟ್ಟಕ್ಕೆ ನಾನು ಎರಡು ಬೇಸಗೆ ಕಳೆದ ಮೇಲೆ ಹೋಗಿದ್ದೆ. ಗುಂಡಿಗಳ ಸಾಲು ಇತ್ತು, ಕೆಲವುಗಳಲ್ಲಿ ಕರಿಯ ಚೀಲದ ಬಾಯಿ ಕಾಣುತ್ತಿತ್ತು. ಒಂದು ಹಳೆಯ ಮತ್ತಿಮರದ ನೆರಳಿನಲ್ಲಿ ಮಾತ್ರ ಐದಾರು ನೇರಳೆಗಿಡ ಮಂಡಿಯೆತ್ತರಕ್ಕೆ ಬಂದಿದ್ದುವು. ತಾಯಿಯನ್ನು ಕೇಳಿದಾಗ, “ಅವು ನಾವು ನೆಟ್ಟದ್ದೇ ಅಲ್ಲ, ಹಕ್ಕಿ ಹಾಕಿದ್ದು” ಎಂದರು.

ಇದರಿಂದ ನೆಡುವುದೇ ವ್ಯರ್ಥವೆಂದು ತಿಳಿಯಬಾರದು. ತಮಿಳುನಾಡಿನ ಆನೆಮಲೆಯ ವಾಲ್ಪಾರೆಯಲ್ಲಿ ಚಹ, ಕಾಫಿ ತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳನ್ನು ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನವರು ಈ ಶತಮಾನದ ಆರಂಭದಿಂದ ತೋಟದ ಕಂಪನಿಗಳ ಸಹಕಾರ ಪಡೆದು ಮತ್ತೆ ಬೆಳೆಸುತ್ತಿದ್ದಾರೆ. ದಾರಿಯಲ್ಲಿ ಬಿದ್ದ ಕಾಡುಬೀಜಗಳನ್ನು ಆಯ್ದು ತಮ್ಮದೇ ಸಸ್ಯಕ್ಷೇತ್ರದಲ್ಲಿ ಎಬ್ಬಿಸುತ್ತಾರೆ. ಮೊದಲು ಲಂಟಾನದಂಥ ಕಳೆಯನ್ನು ತೆಗೆದು, ಹಲವು ಹತ್ತು ಜಾತಿಯ ಸಸಿಗಳನ್ನು ಬೆರಸಿ ನೆಟ್ಟು, ಆಮೇಲೂ ಎರಡು ಮೂರು ವರ್ಷ ಕಳೆ ಕೀಳುತ್ತಾರೆ. ಸುಮ್ಮನೆ ಬಿಟ್ಟ ತುಣುಕುಗಳಿಗಿಂತ ಹೀಗೆ ನೋಡಿಕೊಂಡ ತುಣುಕುಗಳಲ್ಲಿ ಮರದ ಜಾತಿಗಳು ಹೆಚ್ಚಿದ್ದುವೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಅಲ್ಲಿ ಸಿಂಗಳೀಕವೂ ಇದೆ, ಮಂಗಟ್ಟೆಯೂ ಇದೆ. ತೋಟದ ಕಂಪನಿ ಅಲ್ಲಿ ಕೊಟ್ಟದ್ದು ಸಸಿಯ ಬೆಲೆಯನ್ನಷ್ಟೇ ಅಲ್ಲ, ನೆಲವನ್ನೂ ಕಾಲವನ್ನೂ ಕೊಟ್ಟಿತು.

ಕಾಲ ಕೊಡಲು ಕಾಯಿದೆ ಅಡ್ಡಿಯೆಂದು ಕಂಪನಿಗಳು ಹೇಳುವಂತಿಲ್ಲ. 2021ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಒಂದು ಕೆಲಸವನ್ನು ಅದು ಪ್ರಾರಂಭವಾದ ವರ್ಷವಲ್ಲದೆ ಇನ್ನೂ ಮೂರು ವರ್ಷ ನಡೆಸಬಹುದು. ಉಳಿದ ಹಣವನ್ನು ಬೇರೆ ಖಾತೆಯಲ್ಲಿ ಇರಿಸಬಹುದು. ಮೊದಲ ವರ್ಷ ಬೀಜ, ಎರಡನೆಯ ವರ್ಷ ನೆಡುವುದು, ಮತ್ತೆರಡು ವರ್ಷ ಕಳೆ, ಬೆಂಕಿ, ದನಗಳಿಂದ ಕಾಯುವುದು ಎಂದು ಹಂಚಿದರೆ ನಾಲ್ಕು ವರ್ಷ ಸರಿಯಾಗುತ್ತದೆ. ಕೇಂದ್ರ ಸರ್ಕಾರವೂ ಈ ದಾರಿಗೆ ಬಂದಂತೆ ಕಾಣುತ್ತದೆ. 2023ರಲ್ಲಿ ಬಂದ ‘ಗ್ರೀನ್ ಕ್ರೆಡಿಟ್’ ಯೋಜನೆಯಲ್ಲಿ ಮೊದಲು ಹೆಕ್ಟೇರಿಗೆ ಕನಿಷ್ಠ 1100 ಗಿಡಗಳೆಂದು ಗಿಡದ ಎಣಿಕೆಗೇ ಪ್ರಾಧಾನ್ಯವಿತ್ತು. 2025ರ ತಿದ್ದುಪಡಿಯಲ್ಲಿ ಐದು ವರ್ಷಗಳಾದ ಮೇಲೆ ಬದುಕಿರುವ ಮರವನ್ನೂ ನೆರಳಿನ ಹರವನ್ನೂ ನೋಡಿ ಲೆಕ್ಕ ಹಾಕಬೇಕೆಂದು ಮಾಡಿದ್ದಾರೆ.

ನಾಲ್ಕು ವರ್ಷದ ಕಾವಲೆಂದರೆ ನಾಲ್ಕು ವರ್ಷದ ಸಂಬಳ. ಊರಿನ ಇಬ್ಬರು ಹೆಂಗಸರಿಗೂ ಒಬ್ಬ ಕಾವಲುಗಾರನಿಗೂ ದಿನಗೂಲಿ ಕೊಡುವ ಬಾಬು ಕಂಪನಿಯ ವರದಿಯಲ್ಲಿ ಅಂದವಾಗಿ ಕಾಣದಿರಬಹುದು. ಆದರೆ ಯಾವ ಬೀಜ ಎಲ್ಲಿ ಯಾವಾಗ ಬೀಳುವುದೆಂದು ತಿಳಿದವರು ಅವರೇ. ಉಪ್ಪಾಗೆಯ ಸಿಪ್ಪೆ ಒಣಗಿಸಿ ಮಾರುವವರಿಗೆ ಕಾನಿನ ಒಂದೊಂದು ಮರವೂ ಗುರುತು. ಅವರಿಗೆ ಗಿಡದ ಎಣಿಕೆಯ ಬದಲು ದಿನದ ಕೂಲಿ ಕೊಟ್ಟರೆ ಚೀಲದ ಸಮೇತ ಯಾರೂ ಗಿಡ ನೆಡುವುದಿಲ್ಲ.

1950ರಲ್ಲಿ ಕೆ. ಎಂ. ಮುನ್ಷಿಯವರು ಪ್ರಾರಂಭಿಸಿದ ವನಮಹೋತ್ಸವವನ್ನು ನಮ್ಮ ಕಾಲೇಜಿನಲ್ಲಿಯೂ ಜುಲೈ ತಿಂಗಳಲ್ಲಿ ಆಚರಿಸುತ್ತೇವೆ. ಕಳೆದ ಸಲ ನೆಟ್ಟ ಗಿಡಗಳನ್ನು ನಾನೂ ಇಬ್ಬರು ಸಹಪಾಠಿಗಳೂ ಫೆಬ್ರವರಿಯಲ್ಲಿ ಎಣಿಸಿದೆವು. ಅರವತ್ತರಲ್ಲಿ ಹದಿನೇಳು ಉಳಿದಿದ್ದುವು. ಈ ಮೇ ತಿಂಗಳ ಕೊನೆಯಲ್ಲಿ ಹಲಸು, ನೇರಳೆಯ ಬೀಜ ಆಯ್ದು ಕಾಲೇಜಿನ ಹಿಂದಿನ ಮಾಡಿನ ಕೆಳಗೆ ಸಸಿ ಎಬ್ಬಿಸಲು ಸಸ್ಯಶಾಸ್ತ್ರದ ಅಧ್ಯಾಪಕರು ಒಪ್ಪಿದ್ದಾರೆ. ನಾನು ಅಷ್ಟರಲ್ಲಿ ಪರೀಕ್ಷೆ ಮುಗಿಸಿ ಹೊರಟಿರುತ್ತೇನೆ; ರಜದಲ್ಲಿ ನೀರು ಹಾಕಲು ಎರಡನೆಯ ವರ್ಷದ ಬಿ.ಎ. ತರಗತಿಯಿಂದ ಇಬ್ಬರು ಬೇಕಾಗಿದ್ದಾರೆ.